ಸಿಂಚನ ತಂದ ಫ್ಯೂಸು

ಮೊನ್ನೆ ನಮ್ಮ ಮನೆಯ ನೀರಿನ ಮೋಟರು ಕೆಟ್ಟಿತು. ಚಾಮರಾಜನಗರದ ನಮ್ಮ ಬೀದಿಗೆ ನಲ್ಲಿ ನೀರು ಬರುವುದು ಅದಕ್ಕೆ ಮನಸ್ಸು ಬಂದಾಗ. ಬಂದ ಹೊತ್ತಿನಲ್ಲಿ ತೊಟ್ಟಿಗೆ ಏರಿಸಿಕೊಳ್ಳದಿದ್ದರೆ ಗತಿಯಿಲ್ಲ. ಹಾಗಾಗಿ ಮೋಟರನ್ನು ಆಟೋದಲ್ಲಿ ಹೇರಿಕೊಂಡು ನಾನೇ ಅಮ್ಜದ್ ಅವರ ವೈಂಡಿಂಗ್ ಅಂಗಡಿಗೆ ಹೋದೆ. ಅವರು ಮುಚ್ಚಳ ಬಿಚ್ಚಿದ್ದೇ ತಡ, ಸುಟ್ಟ ತಾಮ್ರದ ತಂತಿಯದೂ ವಾರ್ನಿಷ್ಷಿನದೂ ಸೇರಿದ ಒಂದು ಘಾಟು ವಾಸನೆ ಗಂಟಲಿಗೆ ಅಡರಿತು. “ಪೂರಾ ಸುಟ್ಟೋಗಿದೆ ಟೀಚರಮ್ಮ, ಸಂಜೆ ಬನ್ನಿ” ಎಂದರು. ನಾನು ಏಳಲಿಲ್ಲ, ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಆ ವಾಸನೆ ನನ್ನನ್ನು ನೇರವಾಗಿ ಒಂದನೇ ತರಗತಿಯ ಕೋಣೆಗೆ ಕರೆದುಕೊಂಡು ಹೋಗಿತ್ತು. ಸುಟ್ಟ ಮೋಟರಿಗೂ ಒಂದನೇ ತರಗತಿಗೂ ಏನು ಸಂಬಂಧ ಅಂದರೆ ಆ ಒಂದು ಮಳೆಗಾಲದ ಕಥೆಯನ್ನೇ ಹೇಳಬೇಕಾಗುತ್ತದೆ.

ನನ್ನ ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗಿನ ಮಾತು. ನಾನಾಗ ಗುಂಡ್ಲುಪೇಟೆ ದಾರಿಯ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆಯೇ ಫೋನು ಬಂದು “ನಮ್ಮನ್ನ ಬೀದಿಗೆ ತಂದ್ಬುಟ್ರಲ್ಲ ಮೇಡಮ್ಮೋರೆ” ಅನ್ನುತ್ತಾರೆ. ಐದು ತರಗತಿ, ಇಬ್ಬರು ಶಿಕ್ಷಕರು, ಎಲ್ಲ ಸೇರಿ ಇಪ್ಪತ್ತಮೂರು ಮಕ್ಕಳು. ಪ್ರತಿ ವರ್ಷ ಜೂನಿನಲ್ಲಿ ಹಳದಿ ಬಣ್ಣದ ಖಾಸಗಿ ಶಾಲೆಯ ವ್ಯಾನೊಂದು ಬಂದು ಅರಳಿಕಟ್ಟೆಯ ಹತ್ತಿರ ನಿಂತು ಹಾರ್ನ್ ಹೊಡೆಯುತ್ತಿತ್ತು. ಪ್ರತಿ ವರ್ಷ ನಮ್ಮ ಹಾಜರಿ ಪುಸ್ತಕದಿಂದ ಎರಡು ಹೆಸರು ಆ ವ್ಯಾನು ಹತ್ತುತ್ತಿದ್ದವು. ಕಾರಣ ಕೇಳಿದರೆ ಎಲ್ಲರದೂ ಒಂದೇ ಉತ್ತರ. “ಅಲ್ಲಿ ಇಂಗ್ಲೀಷು ಅದೆ.”

ಆ ವರ್ಷ ನಮಗೂ ಇಂಗ್ಲಿಷು ಬಂತು. ಒಂದನೇ ತರಗತಿಗೆ ಆಂಗ್ಲ ಮಾಧ್ಯಮದ ವಿಭಾಗ ತೆರೆಯಿರಿ, ಈ ವರ್ಷ ಮಕ್ಕಳು ಉಳಿದರೆ ಶಾಲೆ ಉಳಿಯುತ್ತದೆ, ಇಲ್ಲವಾದರೆ ಮುಂದಿನ ಜೂನಿಗೆ ಪಕ್ಕದೂರಿನ ಶಾಲೆಗೆ ಸೇರಿಸಿಬಿಡುತ್ತೇವೆ ಎಂದು ಮೇಲಿನವರು ಹೇಳಿ ಕಳಿಸಿದರು. ಪಕ್ಕದೂರಿಗೆ ಹೋಗಬೇಕೆಂದರೆ ಲಾರಿಗಳು ಓಡುವ ಹೆದ್ದಾರಿಯನ್ನು ದಾಟಬೇಕು. ಆರು ವರ್ಷದ ಕೂಸುಗಳನ್ನು ಆ ರಸ್ತೆಗೆ ಯಾರು ಬಿಡುತ್ತಾರೆ? ಅನುಕೂಲ ಇದ್ದವರು ವ್ಯಾನು ಹತ್ತಿಸುತ್ತಾರೆ. ಇಲ್ಲದವರ ಮಕ್ಕಳು ಮನೆಯಲ್ಲಿ ಉಳಿಯುತ್ತವೆ. ಇದು ನನಗೂ ಗೊತ್ತಿತ್ತು, ನನ್ನ ಸಹೋದ್ಯೋಗಿ ರೇವಣ್ಣ ಮೇಷ್ಟರಿಗೂ ಗೊತ್ತಿತ್ತು. “ಒಂದನೇ ಕ್ಲಾಸು ನೀವೇ ತಗೊಳಿ ಮೇಡಂ, ನಂಗೆ ಬಿ.ಪಿ. ಇದೆ” ಎಂದು ಅವರು ಕೈ ತೊಳೆದುಕೊಂಡರು.

ಬಿ.ಪಿ. ನನಗೂ ಬಂತು ಅನ್ನಿ. ನಾನು ಓದಿದ್ದು ಕನ್ನಡ ಎಂ.ಎ. ಇಂಗ್ಲಿಷನ್ನು ಓದಿದರೆ ಅರ್ಥವಾಗುತ್ತಿತ್ತು, ಬರೆಯಲೂ ಬರುತ್ತಿತ್ತು, ಮಾತಿಗೆ ಬಂದರೆ ಮಾತ್ರ ಬಾಯಿ ಬಿಟ್ಟರೆ ಬಣ್ಣಗೇಡು. ಗುಂಡ್ಲುಪೇಟೆಯಲ್ಲಿ ಕೊಟ್ಟ ತರಬೇತಿಯಲ್ಲಿ ನನ್ನ ಮಗಳ ವಯಸ್ಸಿನ ಹುಡುಗಿಯೊಬ್ಬಳು ಎಲ್ಲರನ್ನೂ ಎಬ್ಬಿಸಿ ನಿಮ್ಮ ಪರಿಚಯ ಇಂಗ್ಲಿಷಿನಲ್ಲಿ ಹೇಳಿ ಎಂದಳು. ನಾನು ಹೆಸರು ಹೇಳಿದೆ, ಊರು ಹೇಳಿದೆ, ಮೂರನೇ ವಾಕ್ಯಕ್ಕೆ ನಾಲಿಗೆ ಒಣಗಿ ಕೂತೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವತ್ತು ಬಸ್ಸಿನಲ್ಲಿ ಊರಿಗೆ ಬರುವಾಗ ಕಿಟಕಿಗೆ ಮುಖ ಮಾಡಿ ಸ್ವಲ್ಪ ಅತ್ತೆ. ಐವತ್ತೇಳು ವರ್ಷದ ಮೇಷ್ಟ್ರಮ್ಮ ಅಳುವುದನ್ನು ಬಸ್ಸಿನವರು ನೋಡಬಾರದಲ್ಲ.

ಒಂದನೇ ತರಗತಿಗೆ ಹನ್ನೊಂದು ಮಕ್ಕಳು ಸೇರಿದವು. ಅವರ ಕೈಗೆ ಚಿತ್ರದ ಪುಸ್ತಕ ಕೊಟ್ಟು ಶುರು ಮಾಡಿದೆ. ಇಗ್ಲೂ ಅನ್ನುವ ಮಂಜಿನ ಮನೆ, ಯಾಟ್ ಅನ್ನುವ ವಿಹಾರದ ದೋಣಿ, ಕ್ಸೈಲೋಫೋನು ಅನ್ನುವ ವಾದ್ಯ. ಗಿಣಿಗೆ ಹೇಳಿದ ಹಾಗೆ ಹೇಳಿದೆ, ಗಿಣಿಗಳ ಹಾಗೆಯೇ ಹೇಳಿದವು. ಮಾರನೆಯ ದಿನ ಕೇಳಿದರೆ ಒಂದಕ್ಕೂ ನೆನಪಿಲ್ಲ. ಮುಂದಿನ ಸಾಲಿನಲ್ಲಿ ಸಿಂಚನ ಅಂತ ಒಬ್ಬಳು ಕೂರುತ್ತಿದ್ದಳು. ಶಿವಮಲ್ಲಪ್ಪನ ಮಗಳು. ಗುಂಡು ಮುಖ, ಎಣ್ಣೆ ಸುರಿಯುವ ಎರಡು ಜಡೆ, ಬಾಯಿಗೆ ಬೀಗವಿಲ್ಲ. ಅವಳು ಪುಸ್ತಕದಿಂದ ತಲೆಯೆತ್ತಿ ಕೇಳಿದಳು. “ಮಿಸ್, ಈ ಕ್ಸೈಲೋಫೋನು ನಿಮ್ಮನೇಲಿ ಅದಾ?”

ಇಲ್ಲ ಎಂದೆ.

“ನಮ್ಮನೇಲೂ ಇಲ್ಲ. ಮತ್ಯಾಕೆ ಕಲೀಬೇಕು?”

ನನಗೆ ಕೋಪ ಬಂತು. ಉತ್ತರ ಗೊತ್ತಿಲ್ಲದಾಗ ನನಗೆ ಬರುವುದು ಅದೊಂದೇ. ಕೂತ್ಕೊ ಎಂದು ಗದರಿಸಿ ಪುಟ ತಿರುಗಿಸಿದೆ.

ಉತ್ತರ ಸಿಕ್ಕಿದ್ದು ಅದೇ ವಾರ. ಆಷಾಢದ ಗಾಳಿ ಜೋರಾಗಿತ್ತು. ಗೋಪಾಲಸ್ವಾಮಿ ಬೆಟ್ಟ ಮೋಡದೊಳಗೆ ಮುಳುಗಿ, ಹನಿಯೂ ಅಲ್ಲದ ಮಳೆಯೂ ಅಲ್ಲದ ಒಂದು ತುಂತುರು ದಿನವಿಡೀ ಹಾರುತ್ತಿತ್ತು. ಬಸ್ಸಿಗೆ ಕಾಯುತ್ತ ರಸ್ತೆ ಬದಿಯ ಹೊಲದ ಮಗ್ಗುಲಲ್ಲಿ ನಿಂತಿದ್ದೆ. ಹೊಲದೊಳಗೆ ಒಬ್ಬ ಹೆಂಗಸು ಮೊಬೈಲಿನಲ್ಲಿ ಗಂಡನಿಗೆ ಕೂಗಿ ಹೇಳುತ್ತಿದ್ದಳು. “ಪೈಪು ಲೀಕಾಯ್ತಾ ಅದೆ ಕಣ. ಗೇಟ್ವಾಲು ಟೈಟು ಮಾಡನ ಅಂದ್ರೆ ಬತ್ತಾ ಇಲ್ಲ. ನೀ ಮೋಟ್ರು ಆಫ್ ಮಾಡು, ಫಿಲ್ಟ್ರು ಕ್ಲೀನ್ ಮಾಡ್ಬುಟ್ಟು ಆನ್ ಮಾಡನ.”

ನಾನು ಬೆರಳು ಮಡಿಚಿ ಎಣಿಸಿದೆ. ಒಂದೇ ಉಸಿರಿಗೆ ಒಂಬತ್ತು ಇಂಗ್ಲಿಷ್ ಮಾತು. ಆ ಹೆಂಗಸು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳಿಗೆ ಒಂದು ಮಾತಿನ ಅರ್ಥದಲ್ಲೂ ಅನುಮಾನವಿಲ್ಲ, ಒಂದೂ ಜಾಗ ತಪ್ಪಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ನಾನು ದೋಣಿ ಹುಡುಕಿಕೊಂಡು ಸಮುದ್ರಕ್ಕೆ ಹೋಗಿದ್ದೆನಲ್ಲ ಎಂದು ನನಗೇ ನಾಚಿಕೆಯಾಯಿತು.

ಮಾರನೆಯ ದಿನ ಪುಸ್ತಕ ಮುಚ್ಚಿಟ್ಟೆ. ಮಕ್ಕಳಿಗೆ ಒಂದು ಕೆಲಸ ಹೇಳಿದೆ. ದಿನಕ್ಕೆ ಇಬ್ಬರು, ನಿಮ್ಮ ಮನೆಯಲ್ಲಿ ದೊಡ್ಡವರು ಆಡುವ ಒಂದು ಇಂಗ್ಲಿಷ್ ಮಾತನ್ನು ತನ್ನಿ, ಅದರ ವಸ್ತುವನ್ನೂ ಕೈಯಲ್ಲಿ ತನ್ನಿ. ತಂದ ವಸ್ತುವನ್ನು ಗೋಡೆ ಬದಿಯ ಉದ್ದನೆ ಮೇಜಿನ ಮೇಲೆ ಇಟ್ಟು, ರಟ್ಟಿನ ಚೀಟಿಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆದು ಪಕ್ಕಕ್ಕೆ ಇಡುತ್ತಿದ್ದೆ. ತಂದವರು ಅದು ಏನು ಕೆಲಸ ಮಾಡುತ್ತದೆ ಎಂದು ಹೇಳಬೇಕು. ಮಿಕ್ಕವರು ಅಕ್ಷರ ಕೂಡಿಸಿ ಓದಬೇಕು.

ಬಂದವು ನೋಡಿ, ಒಂದೊಂದೇ. ಕುಕ್ಕರಿನ ಗ್ಯಾಸ್ಕೆಟ್ಟು. ಹನಿ ನೀರಾವರಿಯ ಡ್ರಿಪ್ಪರು. ಔಷಧಿ ಹೊಡೆಯುವ ನಾಜಲ್ಲು. ಬೈಕಿನ ಪ್ಲಗ್ಗು, ಬೇರಿಂಗು, ಸಸಿ ಬೆಳೆಸುವ ಕಪ್ಪು ಟ್ರೇ. ಒಬ್ಬನ ಮಾವ ಸುಟ್ಟ ಮೋಟರಿನ ಕಾಯಿಲನ್ನೇ ಕೊಟ್ಟು ಕಳಿಸಿದ್ದ, ಅದರ ಘಾಟು ಇಡೀ ತರಗತಿಗೆ ಹಿಡಿದು ವಾರವಾದರೂ ಹೋಗಲಿಲ್ಲ. ಅರ್ಧಕ್ಕರ್ಧ ವಸ್ತು ನನಗೇ ಗೊತ್ತಿರಲಿಲ್ಲ. ಬೇರಿಂಗ್ ಅನ್ನುವ ಮಾತನ್ನು ನಾನು ಸಾವಿರ ಸಲ ಕೇಳಿದ್ದೆ, ಅದರೊಳಗೆ ಗುಂಡುಗಳು ಉರುಳುತ್ತವೆ ಎಂದು ತೋರಿಸಿಕೊಟ್ಟದ್ದು ಆರು ವರ್ಷದ ಹುಡುಗಿ. ಸಂಜೆ ಮನೆಗೆ ಬಂದು ನನ್ನದೇ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಶಬ್ದಕೋಶದಲ್ಲಿ ಓದಿ ಮರೆತ ಮಾತುಗಳೆಲ್ಲ ಈಗ ಕೈಗೆ ತಾಕಿ, ಮೂಗಿಗೆ ಬಡಿದು, ನೆನಪಿನಲ್ಲಿ ಕೂತವು. ಮಕ್ಕಳೂ ಹಾಗೆಯೇ. ತಾವು ತಂದ ವಸ್ತುವಿನ ಹೆಸರನ್ನು ಯಾರು ಮರೆಯುತ್ತಾರೆ? ಚೀಟಿ ಅದಲು ಬದಲು ಮಾಡಿಟ್ಟರೆ ಜಗಳವಾಡಿ ಸರಿಮಾಡುತ್ತಿದ್ದವು. ಜುಲೈ ಮುಗಿಯುವ ಹೊತ್ತಿಗೆ ಸಿಂಚನ ಚಿಕ್ಕ ಮಾತುಗಳನ್ನು ತಾನೇ ಅಕ್ಷರ ಕೂಡಿಸಿ ಓದುತ್ತಿದ್ದಳು. ನಾನು ಹಿಗ್ಗಿದೆ. ಹಿಗ್ಗಿದಾಗ ನನಗೆ ಎಡವಟ್ಟು ಕಾದಿರುತ್ತದೆ, ಅದು ನನ್ನ ಜಾತಕ.

ಒಂದು ಬುಧವಾರ ಹೇಳಿದೆ. “ಎಲ್ಲ ಸಣ್ಣಪುಟ್ಟದ್ದು ಆಯ್ತು. ಈಗ ನಿಮ್ಮ ಮನೇಲಿ ಎಲ್ಲರ ಬಾಯಲ್ಲೂ ಅತಿ ಹೆಚ್ಚು ಬರೋ ಮಾತು ಯಾವುದೋ, ಅದನ್ನ ತನ್ನಿ.”

ಸಿಂಚನಳ ಮನೆಯ ಸಂಗತಿ ನನಗೆ ತಿಳಿದಿರಲಿಲ್ಲ. ಅವಳ ಅಪ್ಪ ಶಿವಮಲ್ಲಪ್ಪನಿಗೂ ಚಿಕ್ಕಪ್ಪ ಮಹದೇವಸ್ವಾಮಿಗೂ ಭಾಗವಾಗಿ ಹೊಲ ಎರಡಾಗಿತ್ತು. ಬೋರ್‌ವೆಲ್ ಮಾತ್ರ ಒಂದೇ. ಮೂರು ದಿನ ಅಣ್ಣನಿಗೆ ನೀರು, ಮೂರು ದಿನ ತಮ್ಮನಿಗೆ, ಭಾನುವಾರ ಅವರ ತಾಯಿ ಸಿದ್ದಮ್ಮನ ಹಿತ್ತಲಿಗೆ. ಈ ಸರದಿಗೆ ಕಾಗದವಿಲ್ಲ, ಪತ್ರವಿಲ್ಲ. ಪಂಪುಮನೆಯ ಬಾಕ್ಸಿನಿಂದ ಬಿಳಿ ಪಿಂಗಾಣಿಯ ಒಂದು ಫ್ಯೂಸನ್ನು ಕಿತ್ತು ಮನೆಗೆ ತಂದು ದೇವರ ಗೂಡಿನಲ್ಲಿ ಇಡುತ್ತಾರೆ. ಅದಿಲ್ಲದೆ ಮೋಟರು ಓಡದು, ಫ್ಯೂಸು ಯಾರ ಗೂಡಿನಲ್ಲಿದೆಯೋ ನೀರು ಅವರದು. ಸರದಿ ಮುಗಿದ ಮಾರನೆ ಬೆಳಿಗ್ಗೆ ಇನ್ನೊಂದು ಮನೆಯ ಹೆಣ್ಣುಮಕ್ಕಳು ಬಂದು ಇಸಿದುಕೊಂಡು ಹೋಗುತ್ತಾರೆ. ಆ ಕಡೆ ಹಲವು ಮನೆಗಳಲ್ಲಿ ಇದೇ ನಡವಳಿಕೆ. ಹಾಗಾಗಿ ಆ ಎರಡು ಮನೆಯಲ್ಲಿ ಬೆಳಗಾದರೆ ಬೈಗಾದರೆ ಬರುವ ಮಾತು ಅದೊಂದೇ. ಫ್ಯೂಸು ಎಲ್ಲಿ, ಫ್ಯೂಸು ತಗಂಡ್ರಾ, ಫ್ಯೂಸು ಕೊಟ್ರಾ.

ಗುರುವಾರ ತಮ್ಮನ ಸರದಿ ಶುರುವಾಗುವ ದಿನ. ಅವತ್ತು ಬೆಳಿಗ್ಗೆ ಸಿಂಚನ ಗೂಡಿಗೆ ಕೈ ಹಾಕಿ, ಫ್ಯೂಸನ್ನು ಚೀಲದೊಳಗೆ ಇಳಿಸಿಕೊಂಡು, ಶಾಲೆಗೆ ಬಂದು ನನ್ನ ಮೇಜಿನ ಮೇಲೆ ಇಟ್ಟಳು. “ಇದು ನಮ್ಮನೇದು ಮಿಸ್, ದಿನಾ ಇದ್ರದೇ ಮಾತು” ಎಂದಳು. ನಾನು ಚೀಟಿ ಬರೆದೆ. ಹನ್ನೊಂದೂ ಮಕ್ಕಳು ಓದಿದವು.

ಅತ್ತ ಹೊಲದಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಓಣಂ ಹತ್ತಿರ ಬಂದಿತ್ತು. ಎರಡೂ ಹೊಲದಲ್ಲಿ ಚೆಂಡು ಹೂ ಮೊಗ್ಗು ಬಿರಿಯುವ ಹೊತ್ತು. ಕೇರಳದ ಲಾರಿಗಳಿಗೆ ದಿನ ಗೊತ್ತಾಗಿತ್ತು. ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟು ಬೆಳಿಗ್ಗೆ ನಾಲ್ಕು ಗಂಟೆ ಕಾಲ ಮಾತ್ರ. ತಮ್ಮನ ಹೆಂಡತಿ ಫ್ಯೂಸು ಇಸಿದುಕೊಳ್ಳಲು ಬಂದರೆ ಗೂಡು ಖಾಲಿ. ಅಣ್ಣ ಬಚ್ಚಿಟ್ಟಿದ್ದಾನೆ ಎಂದು ತಮ್ಮ, ತಮ್ಮನೇ ಕದ್ದು ನಾಟಕ ಆಡುತ್ತಿದ್ದಾನೆ ಎಂದು ಅಣ್ಣ. ಗುಂಡ್ಲುಪೇಟೆಗೆ ಹೋಗಿ ಬೇರೆ ಫ್ಯೂಸು ತರಬಹುದಿತ್ತು. ಆದರೆ ಈಗ ಜಗಳ ನೀರಿನದಾಗಿ ಉಳಿದಿರಲಿಲ್ಲ, ಮಾತಿನದಾಗಿತ್ತು. ಭಾಗವಾದಾಗಿನ ಹಳೆಯದೆಲ್ಲ ಎದ್ದು ಬಂದು, ಕೈ ಕೈ ಮಿಲಾಯಿಸುವ ಹೊತ್ತಿಗೆ ಕರೆಂಟೂ ಹೋಯಿತು.

ಮಧ್ಯಾಹ್ನದ ಊಟದ ಹೊತ್ತಿಗೆ ಮಗಳನ್ನು ನೋಡಲು ಬಂದ ಸಿಂಚನಳ ತಾಯಿ ಮೇಜಿನ ಮೇಲಿದ್ದ ಫ್ಯೂಸನ್ನು ನೋಡಿ ಬಾಗಿಲಿನಿಂದಲೇ ಮನೆಯ ಕಡೆ ಓಡಿದಳು. ಅರ್ಧ ಗಂಟೆಯಲ್ಲಿ ಅಣ್ಣತಮ್ಮ ಇಬ್ಬರೂ ಶಾಲೆಯ ಅಂಗಳದಲ್ಲಿದ್ದರು. ಶಿವಮಲ್ಲಪ್ಪನ ಅಂಗಿಯ ಗುಂಡಿ ಕಿತ್ತುಹೋಗಿತ್ತು.

“ಮೇಡಮ್ಮೋರೆ, ನಾವು ಮಕ್ಳುನ್ನ ಓದಕ್ಕೆ ಕಳ್ಸುದ್ದೋ, ಮನೆ ಸಾಮಾನು ಕದಿಯಕ್ಕೆ ಕಳ್ಸುದ್ದೋ?” ಎಂದ ಶಿವಮಲ್ಲಪ್ಪ. ದನಿ ಏರಿಸಲಿಲ್ಲ. ಅದಕ್ಕೇ ನನಗೆ ಭಯವಾಯಿತು.

“ತಪ್ಪು ನಂದು. ಮಗೂನ ಬೈಬೇಡಿ” ಎಂದೆ.

“ಇವತ್ತು ಗೂಡಿಂದ ತಂದ್ಳು. ನಾಳೆ ಬಾಕ್ಸಿಂದ್ಲೇ ಕೀಳಕ್ಕೋದ್ರೆ? ಕರೆಂಟಿದ್ರೆ? ಆಗ ನಿಮ್ ಇಂಗ್ಲೀಷು ನನ್ ಮಗೀನ ತಂದ್ಕೊಟ್ಟದಾ?”

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದವಳಿಗೆ ಹೊಳೆಯಬೇಕಾಗಿದ್ದ ಮೊದಲ ಮಾತು ಅದು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮಹದೇವಸ್ವಾಮಿ ಅಣ್ಣನಷ್ಟು ತೂಕದ ಮನುಷ್ಯನಲ್ಲ. “ಮೋಟ್ರು ನಾಜಲ್ಲು ಅಂತ ಕಲ್ಸಕ್ಕೆ ನೀವ್ಯಾಕೆ ಬೇಕು? ಅದು ನಮ್ ಒಲ್ದಲ್ಲೇ ಅದೆ. ಬನ್ನಿ ಮಕ್ಳಾ ಓಗನ” ಎಂದು ತನ್ನ ಎರಡು ಮಕ್ಕಳ ಕೈ ಹಿಡಿದ. ಶಿವಮಲ್ಲಪ್ಪ ತನ್ನ ಮೂವರನ್ನು ಕರೆದುಕೊಂಡ. ಬೆಳಿಗ್ಗೆ ಕಿತ್ತಾಡಿದ ಅಣ್ಣತಮ್ಮ ಮಧ್ಯಾಹ್ನಕ್ಕೆ ನನ್ನ ವಿಷಯದಲ್ಲಿ ಒಂದಾಗಿದ್ದರು. ಇಪ್ಪತ್ತಮೂರರಲ್ಲಿ ಐದು ಹೋಯಿತು. “ಮುಗೀತು ಮೇಡಂ. ಆ ಮನೆಯವರು ಹೋದ್ರೆ ಊರೇ ಹೋದಂಗೆ” ಎಂದರು ರೇವಣ್ಣ ಮೇಷ್ಟರು. ಸಮಾಧಾನ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ ಎಂದೆಲ್ಲ ಬರೆಯುವುದಿಲ್ಲ, ನಿದ್ದೆ ಚೆನ್ನಾಗಿಯೇ ಬಂತು. ಬೆಳಿಗ್ಗೆ ಎದ್ದಾಗ ಒಂದು ಮಾತು ತೀರ್ಮಾನವಾಗಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನೇರ ಅವರ ಹೊಲಕ್ಕೆ ಹೋದೆ. ಕಣ್ಣು ಹಾಯುವಷ್ಟು ದೂರ ಚೆಂಡು ಹೂ. ರಸ್ತೆಯಲ್ಲಿ ಕೇರಳದ ಕಾರುಗಳು ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸಿಂಚನಳ ತಾಯಿ ಹೂವಿನ ನಡುವಿನಿಂದಲೇ ಅವರಿಗೆ “ಸೆಲ್ಫಿ ಓಕೆ, ಟಚ್ ನೋ” ಎಂದು ಕೂಗುತ್ತಿದ್ದಳು. ನಾನು ಸೆರಗು ಸಿಕ್ಕಿಸಿ, ಬದುವಿನ ಮೇಲೆ ಬಿದ್ದಿದ್ದ ಒಂದು ಖಾಲಿ ಕ್ರೇಟು ಎತ್ತಿಕೊಂಡು ಸಾಲಿಗೆ ಇಳಿದೆ.

ಶಿವಮಲ್ಲಪ್ಪ ನೋಡಿದ. ಮತ್ತೆ ಹೂವಿಗೆ ಬಗ್ಗಿದ.

ನಾನು ರೈತರ ಮನೆಯ ಮಗಳೇ. ಆದರೆ ಇಪ್ಪತ್ತೈದು ವರ್ಷ ಬಗ್ಗದ ಸೊಂಟ ಅದು. ಎರಡು ಸಾಲಿಗೇ ಬೆನ್ನು ಹೋಯಿತು, ಕೈಯೆಲ್ಲ ಹಸಿರಾಗಿ ಗಬ್ಬು ನಾರಿತು. ಸಿದ್ದಮ್ಮ ನನ್ನ ಪಕ್ಕದ ಸಾಲಿನಲ್ಲಿದ್ದರು. ಎಪ್ಪತ್ತು ದಾಟಿದ ಮುದುಕಿ, ನನಗಿಂತ ಎರಡು ಪಟ್ಟು ಬೇಗ ಕೀಳುತ್ತಿದ್ದರು. “ತೊಟ್ಟು ಬುಟ್ಟು ಕೀಳಿ, ಮೇಡಮ್ಮೋರೆ. ಲೋಡಿಂಗ್ನಲ್ಲಿ ಡ್ಯಾಮೇಜ್ ಆದ್ರೆ ಕೇರಳದ ಸೇಟು ರಿಜೆಕ್ಟ್ ಮಾಡ್ತನೆ” ಎಂದರು. ಸಂಜೆಯವರೆಗೂ ನಾನು ಹೂವನ್ನೂ ಕಿತ್ತೆ, ಅವರ ಮಾತುಗಳನ್ನೂ ಕಿತ್ತು ಕ್ರೇಟಿಗೆ ಹಾಕಿಕೊಂಡೆ.

ಲಾರಿ ತುಂಬಿ ಹೋದ ಮೇಲೆ ಎಲ್ಲರೂ ಬದುವಿನ ಮೇಲೆ ಕೂತು ಟೀ ಕುಡಿದೆವು. ಕೊನೆಗೆ ಸಿದ್ದಮ್ಮ ತಮ್ಮ ಇಬ್ಬರು ಗಂಡುಮಕ್ಕಳ ಕಡೆಗೆ ತಿರುಗಿದರು.

“ಏನ್ಲಾ, ಇಬ್ರೂ ಬಾಯಿ ಒಲ್ಕಂಡಿದ್ದೀರಾ? ಆಯಮ್ಮ ನಮ್ ಒಲ್ದಲ್ಲಿ ಒಂದೊತ್ತು ಬೆನ್ನು ಬಗ್ಸವ್ರೆ. ನಾಳೆ ಅವ್ರ ಮುಯ್ಯಿ ಯಾರ್ಲಾ ತೀರ್ಸೋರು?”

ಮುಯ್ಯಾಳಿನ ಲೆಕ್ಕ ಆ ಊರಿನಲ್ಲಿ ಕೋರ್ಟಿಗಿಂತ ದೊಡ್ಡದು. ಒಬ್ಬರ ಹೊಲದಲ್ಲಿ ಇನ್ನೊಬ್ಬರು ಒಂದು ದಿನ ದುಡಿದರೆ, ಅವರ ಕೆಲಸಕ್ಕೆ ಇವರೂ ಒಂದು ದಿನ ಬರಲೇಬೇಕು. ಅದನ್ನು ಕೂಲಿ ಕೊಟ್ಟು ತೀರಿಸುವ ಹಾಗಿಲ್ಲ. ನಾನು ಆ ಲೆಕ್ಕ ಹಿಡಿದೇ ಹೋಗಿದ್ದೆ ಎಂದು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಶಿವಮಲ್ಲಪ್ಪ ಟೀ ಲೋಟ ಕೆಳಗಿಟ್ಟ. “ಇವ್ರಿಗೆ ಒಲ ಎಲ್ಲದವ್ವಾ?”

“ನನ್ನ ಹೊಲ ಶಾಲೆ” ಎಂದೆ. “ನೀವು ಒಂದು ದಿನ ಬಂದು ಮಕ್ಕಳಿಗೆ ಆ ಬಾಕ್ಸಿನ ವಿಷಯ ಹೇಳಿಕೊಡಿ. ಯಾವುದು ಮುಟ್ಟಬೇಕು, ಯಾವುದು ಮುಟ್ಟಬಾರದು, ಅದೆಲ್ಲ. ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಒಂದು ಸಲ ಎಡವಿದ್ದು ಸಾಕು.”

“ನಾನಾ? ಏಳನೇ ಕ್ಲಾಸು ಫೇಲು ನಾನು. ಇಂಗ್ಲೀಷಲ್ಲೇ ಫೇಲು.”

“ಇಂಗ್ಲಿಷಿನಲ್ಲಿ ನಾನೂ ಹಂಗೇ” ಎಂದೆ. ಸಿಂಚನಳ ತಾಯಿ ಸೆರಗು ಅಡ್ಡ ಹಿಡಿದು ನಕ್ಕಳು. ಅವನು ನಗಲಿಲ್ಲ.

ಸೋಮವಾರ ಐದೂ ಮಕ್ಕಳು ಶಾಲೆಗೆ ಬಂದವು. ಜೊತೆಗೆ ಒಂದು ಮಾತೂ ಬಂತು. ವ್ಯಾನಿನವರ ಹತ್ತಿರ ಮಾತಾಡಿಯಾಗಿದೆಯಂತೆ, ದಸರಾ ರಜೆ ಮುಗಿದ ಮೇಲೆ ಐದು ಸೀಟು. ಅಲ್ಲಿಯವರೆಗೆ ಮಾತ್ರ ಇಲ್ಲಿ. ಮಕ್ಕಳು ಬಂದದ್ದಕ್ಕೆ ಸಂತೋಷಪಡಬೇಕೋ ಹೋಗುವುದಕ್ಕೆ ದುಃಖಪಡಬೇಕೋ ತಿಳಿಯದೆ ನಾನು ಪಾಠ ಮಾಡಿದೆ. ಮೇಜಿನ ಮೇಲಿನ ವಸ್ತುಗಳನ್ನೆಲ್ಲ ಒಂದೊಂದಾಗಿ ನೋಡಿ, ವಿದ್ಯುತ್ತಿನವನ್ನೂ ಚೂಪಾದವನ್ನೂ ಬೀರುವಿಗೆ ಸೇರಿಸಿದೆ. ಏನು ತರುವುದಿದ್ದರೂ ಮನೆಯಲ್ಲಿ ಕೇಳಿ, ದೊಡ್ಡವರ ಕೈಯಲ್ಲಿ ಕೊಟ್ಟು ಕಳಿಸಬೇಕು ಎಂದು ಕಟ್ಟುನಿಟ್ಟು ಮಾಡಿದೆ. ಅದರಿಂದ ಒಂದು ಒಳ್ಳೆಯದಾಯಿತು. ಕೊಡಲು ಬಂದ ತಾಯಂದಿರು ಬಾಗಿಲಲ್ಲಿ ನಿಂತು ಪಾಠ ಕೇಳಲು ಶುರು ಮಾಡಿದರು.

ಓಣಂ ಮುಗಿದು ಹೂವಿನ ಬೆಲೆ ಇಳಿಯಿತು. ಸೆಪ್ಟೆಂಬರಿನಲ್ಲಿ ಒಳ್ಳೆಯ ಮಳೆ ಬಿತ್ತು, ಅರಿಶಿನದ ಹೊಲಗಳು ಎದೆಮಟ್ಟ ಎದ್ದವು. ಶಿವಮಲ್ಲಪ್ಪ ಎದುರು ಸಿಕ್ಕಾಗಲೆಲ್ಲ “ನಿಮ್ದೊಂದು ಮುಯ್ಯಿ ಅದೆ” ಎನ್ನುತ್ತಿದ್ದ, ಬರುತ್ತಿರಲಿಲ್ಲ. ದಸರಾ ರಜೆಗೆ ಮುಂಚಿನ ಕೊನೆಯ ದಿನವೂ ಬಂತು. ಅವತ್ತು ಹತ್ತೂವರೆಗೆ ಅವನು ಒಗೆದ ಬಿಳಿ ಅಂಗಿ, ಹಣೆಗೆ ವಿಭೂತಿ, ಕಂಕುಳಲ್ಲಿ ಗೋಣಿಚೀಲ ಸುತ್ತಿದ ಒಂದು ಹಳೆಯ ಸ್ಟಾರ್ಟರ್ ಬಾಕ್ಸು ಇಟ್ಟುಕೊಂಡು ತರಗತಿಯ ಬಾಗಿಲಿಗೆ ಬಂದ. ಚಪ್ಪಲಿ ಹೊರಗೆ ಬಿಟ್ಟ. ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಬಿಳಿ ಹಾಳೆ ಇಣುಕುತ್ತಿತ್ತು.

ಅದು ಏನೆಂದು ನನಗೆ ಗೊತ್ತಿತ್ತು. ಹಿಂದಿನ ದಿನವೇ ವ್ಯಾನಿನ ಡ್ರೈವರು ಅರಳಿಕಟ್ಟೆಯ ಮೇಲೆ ಕೂತು ಬರೆದುಕೊಟ್ಟನಂತೆ. ಎರಡೂ ಮನೆಯ ಐದು ಮಕ್ಕಳಿಗೆ ವರ್ಗಾವಣೆ ಪತ್ರ ಕೊಡಿ ಎಂಬ ಅರ್ಜಿ. ಮುಯ್ಯಿಯನ್ನೂ ತೀರಿಸಿ, ಅರ್ಜಿಯನ್ನೂ ಕೊಟ್ಟು, ಯಾವ ಋಣವೂ ಉಳಿಯದ ಹಾಗೆ ಮಕ್ಕಳನ್ನು ಕರೆದುಕೊಂಡು ಹೋಗಲು ಬಂದಿದ್ದಾನೆ. ಮರ್ಯಾದಸ್ಥ ಮನುಷ್ಯ, ಹಾಗೆಯೇ ಮಾಡುವವನು. ನಾನು ಹಿಂದಿನ ಬೆಂಚಿನಲ್ಲಿ ಮಕ್ಕಳ ಜೊತೆ ಕೂತೆ. ಇಡೀ ಪಾಠ ನನ್ನ ಕಣ್ಣು ಆ ಜೇಬಿನ ಮೇಲೆಯೇ ಇತ್ತು.

ಮೊದಲು ಅವನು ಗೋಣಿಚೀಲವನ್ನು ನಿಧಾನವಾಗಿ ಮಡಿಚಿಟ್ಟ. ಆಮೇಲೆ ಮಕ್ಕಳನ್ನು ಮರೆತು ಬಾಕ್ಸನ್ನು ನೋಡುತ್ತ ಮಾತಾಡಿದ. ಬಾಕ್ಸಿನ ಕಡೆಗೆ ಮಾತಾಡುವಾಗ ಅವನು ಪ್ರೊಫೆಸರು. ಮೂರು ಫೇಸು ಯಾಕೆ ಬೇಕು, ಒಂದು ಹೋದರೆ ಮೋಟರು ಹೇಗೆ ಸುಡುತ್ತದೆ, ಓವರ್‌ಲೋಡ್ ಆದರೆ ಟ್ರಿಪ್ ಆಗುವುದು ಅಂದರೆ ಏನು, ಅರ್ಥಿಂಗ್ ಯಾಕೆ ಕೊಡುತ್ತಾರೆ. ಒದ್ದೆ ಕೈಯಲ್ಲಿ ಬಾಕ್ಸು ಮುಟ್ಟಿದ ಒಬ್ಬರ ಕಥೆ ಹೇಳಿದಾಗ ಮಕ್ಕಳು ತಮ್ಮ ಕೈಯನ್ನು ಅಂಗಿಗೆ ಒರೆಸಿಕೊಂಡವು. ಈ ಪಾಠವನ್ನು ನಾನು ನೂರು ಸಲ ಹೇಳಿದ್ದರೂ ಮಕ್ಕಳಿಗೆ ಇಷ್ಟು ನಾಟುತ್ತಿರಲಿಲ್ಲ.

“ಇಲ್ನೋಡಿ ಮಕ್ಳಾ” ಎಂದ ಕೊನೆಗೆ. “ಈ ಅಸ್ರು ಗುಂಡಿ ಒತ್ತುದ್ರೆ ಮೋಟ್ರು ಸ್ಟಾರ್ಟು. ಈ ಕೆಂಪು ಗುಂಡಿ ಒತ್ತುದ್ರೆ ಸ್ಟಾಪು. ಇಪ್ಪತ್ತೊರ್ಸದಿಂದ ನಾನು ಒತ್ತಿರೋದು ಇವೆರ್ಡೇ.”

ಸಿಂಚನ ಎದ್ದು ಅಪ್ಪನ ಹತ್ತಿರ ಹೋದಳು. ಬಾಕ್ಸಿನ ಮೇಲೆ ಬಗ್ಗಿ, ಕೆಂಪು ಗುಂಡಿಯ ಕೆಳಗೆ ಅಂಟಿದ್ದ ಎಣ್ಣೆ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು. ಅಲ್ಲಿ ಸಣ್ಣ ಅಕ್ಷರಗಳಿದ್ದವು. ಬೆರಳಿಟ್ಟು ಒಂದೊಂದನ್ನೇ ಬಾಯಲ್ಲಿ ಕೂಡಿಸಿದಳು.

“ಸ್ಟಾಪ್. ಇಲ್ಲೇ ಬರ್ದದೆ ಅಪ್ಪಾ.”

“ಏನ್ ಬರ್ದದೆ?”

“ಸ್ಟಾಪ್ ಅಂತವ. ಅಸ್ರು ಗುಂಡಿ ಕೆಳುಗೆ ಸ್ಟಾರ್ಟ್ ಅಂತವ ಅದೆ, ನೋಡು.”

ಶಿವಮಲ್ಲಪ್ಪ ಬಾಕ್ಸನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ.

“ಇದು ಕಂಪ್ನಿ ಎಸ್ರು ಅನ್ಕಂಡಿದ್ದೆ ಕಣಮ್ಮಿ” ಎಂದ.

ಆಮೇಲೆ ಅವನು ಮಗಳನ್ನು ಪಕ್ಕಕ್ಕೆ ಎಳೆದುಕೊಂಡು ಬಾಕ್ಸಿನ ಮೈಮೇಲೆ ಇದ್ದ ಅಕ್ಷರಗಳನ್ನೆಲ್ಲ ಬೆರಳಿಟ್ಟು ತೋರಿಸತೊಡಗಿದ. ಇದೇನು, ಇದೇನು. ಅವಳು ಕೆಲವನ್ನು ಓದಿದಳು, ಕೆಲವಕ್ಕೆ ತಿಣುಕಿದಳು. ತಿಣುಕಿದಲ್ಲಿ ಅವನೇ ಹೇಳಿಕೊಟ್ಟ. ಕಲಿತ ಇಂಗ್ಲಿಷ್ ಅಕ್ಷರ ಮರೆತಿದ್ದರೂ ಆ ಜಾಗದಲ್ಲಿ ಯಾವ ಮಾತು ಇರಬೇಕು ಎಂದು ಅವನಿಗೆ ಗೊತ್ತಿತ್ತು. ಅವಳು ಓದಿದಳು, ಅವನು ಅರ್ಥ ಹೇಳಿದ. ನಾನು ಹಿಂದಿನ ಬೆಂಚಿನಲ್ಲಿ ಮುಖ ತಗ್ಗಿಸಿ ಕೂತೆ. ನನ್ನ ಕಣ್ಣು ತುಂಬಿ ಬಂದಿತ್ತು, ಈ ಸಲ ಮರೆಮಾಡಲು ಕಿಟಕಿ ದೂರವಿತ್ತು.

ಊಟದ ಗಂಟೆ ಹೊಡೆಯಿತು. ಶಿವಮಲ್ಲಪ್ಪ ಎದ್ದು ಜೇಬಿಗೆ ಕೈ ಹಾಕಿದ. ನಾನೂ ಎದ್ದು ನಿಂತೆ. ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು, ವರ್ಗಾವಣೆ ಪತ್ರದ ಪುಸ್ತಕ ಅದರೊಳಗೆ ಇತ್ತು. ಅವನು ಹಾಳೆಯ ಮಡಿಕೆ ಬಿಚ್ಚಿ, ಬರೆದಿದ್ದ ಮಗ್ಗುಲನ್ನು ಒಂದು ಸಲ ನೋಡಿದ. ಆಮೇಲೆ ಅದನ್ನು ತಿರುಗಿಸಿ, ಖಾಲಿ ಮಗ್ಗುಲನ್ನು ಮೇಲೆ ಮಾಡಿ ಮಗಳ ಮುಂದೆ ಇಟ್ಟ.

“ಇದ್ರಲ್ಲಿ ಎಲ್ಲಾ ಮಾತೂ ದಪ್ಪಕ್ಕೆ ಬರ್ಕೊಡು ಕೂಸು” ಎಂದ. “ಪಂಪ್ಮನೇಲಿ ಅಂಟಿಸ್ಕತೀನಿ. ರಜದಲ್ಲಿ ನಂಗೂ ಒಸಿ ಕಲ್ಸೀಯಂತೆ.”

ಸಿಂಚನ ನೆಲದ ಮೇಲೆ ಬೋರಲು ಬಿದ್ದು, ನಾಲ್ಕೂ ಮೂಲೆಗೆ ತುಂಬುವ ಹಾಗೆ ಬರೆದಳು. ರಜೆ ಮುಗಿದು ಶಾಲೆ ತೆರೆದ ಬೆಳಿಗ್ಗೆ ವ್ಯಾನು ಅರಳಿಕಟ್ಟೆಯ ಹತ್ತಿರ ನಿಂತು ತುಂಬ ಹೊತ್ತು ಹಾರ್ನ್ ಹೊಡೆಯಿತು. ನಾನು ಹಾಜರಿ ಕರೆದೆ. ಇಪ್ಪತ್ತಮೂರೂ ಮಕ್ಕಳು ಇದ್ದವು.